ಸಿಡಿದ ತಲೆ, ಬಯಲಾದ ದೇಹ

ಕೆನಡಾದ ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್‌ನ ‘ಸ್ಕ್ಯಾನರ್ಸ್’ (1981) ನೋಡಿದವರಿಗೆಲ್ಲ ಮೊದಲು ನೆನಪಾಗುವುದು ಆ ಸಿಡಿಯುವ ತಲೆ. ಇನ್ನೊಬ್ಬರ ಮನಸ್ಸನ್ನು ಹೊಕ್ಕು ತೋರಿಸುತ್ತೇನೆಂದು ಸಭೆಯ ಮುಂದೆ ಕೂತವನ ತಲೆಯೇ, ಎದುರಾಳಿಯ ಮನೋಬಲಕ್ಕೆ ಸಿಕ್ಕು ಕುಂಬಳಕಾಯಿಯಂತೆ ಒಡೆಯುತ್ತದೆ. (ಗೊಂಬೆಯ ತಲೆಗೆ ಹಿಂದಿನಿಂದ ಬಂದೂಕು ಹಾರಿಸಿ ತೆಗೆದದ್ದು, ಗ್ರಾಫಿಕ್ಸ್ ಇಲ್ಲದ ಕಾಲದ ಕೈಚಳಕ.) ಆದರೆ ಚಿತ್ರದ ನಿಜವಾದ ದಿಗಿಲು ಬೇರೆ ಕಡೆ ಇದೆ. ಈ ಶಕ್ತಿ ಯಾರ ವರವೂ ಅಲ್ಲ, ಗರ್ಭಿಣಿಯರಿಗೆ ಕೊಟ್ಟ ‘ಎಫೆಮೆರಾಲ್’ ಎಂಬ ಔಷಧದ ಅಡ್ಡಪರಿಣಾಮ. 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದು, ಸಾವಿರಾರು ಕೂಸುಗಳ ಕೈಕಾಲು ಮೊಟಕಾಗಿಸಿದ ಥಾಲಿಡೊಮೈಡ್ ನೆನಪಾಗದೆ ಇರದು. ಚಿತ್ರದಲ್ಲಿ ಹಾಗೆ ಹುಟ್ಟಿದವರು ಬೆಳೆದ ಮೇಲೆ ಭದ್ರತಾ ಕಂಪನಿಯೊಂದು ಅವರನ್ನು ಆಯುಧ ಮಾಡಿಕೊಳ್ಳಲು ಹವಣಿಸುತ್ತದೆ. ಅವರಲ್ಲೇ ಒಬ್ಬನಾದ ರೆವೋಕ್‌ಗೆ ಜಗತ್ತನ್ನೇ ಆಳುವ ಆಸೆ. ಶಕ್ತಿಗಿಂತ, ಅದು ತಮ್ಮದೆಂದು ಬೀಗುವವರೇ ಇಲ್ಲಿ ಭಯಂಕರ.

ಇದಕ್ಕೆ ನಮ್ಮ ಸೀಮೆಯದೇ ಹಳೆಯ ಸಾಕ್ಷಿಯಿದೆ. ಹೊಸಪೇಟೆ ಬಳಿಯ ಹಂಪಿ ರಾಜಧಾನಿಯಾಗಿದ್ದಾಗ, 15ನೇ ಶತಮಾನದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಅದರಲ್ಲಿ ಸಿದ್ಧ ಗೋರಕ್ಷ ತನ್ನ ವಜ್ರದೇಹದ ಗರ್ವದಲ್ಲಿರುತ್ತಾನೆ. ಶರಣ ಅಲ್ಲಮ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆಯೇ ಹೊರತು ಗಾಯವಾಗುವುದಿಲ್ಲ. ಅಲ್ಲಮನ ಲೆಕ್ಕದಲ್ಲಿ ಆ ಸದ್ದೇ ಕುಂದು: ಸದ್ದಾಗುವಷ್ಟು ದೇಹ ಇನ್ನೂ ಉಳಿದಿದೆ. ಈಗ ನೀನು ಹೊಡೆ ಎನ್ನುತ್ತಾನೆ. ಗೋರಕ್ಷ ಬೀಸಿದ ಕತ್ತಿ ಬರಿಯ ಬಯಲಿನಲ್ಲಿ ಹಾದುಹೋಗುತ್ತದೆ.

ಶರಣರ ಕಾವ್ಯವನ್ನು ನೆತ್ತರು ಚೆಲ್ಲುವ ಸಿನಿಮಾದ ಜೊತೆ ತೂಗುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಅಲ್ಲಿರುವುದು ಪವಾಡ, ಇಲ್ಲಿರುವುದು ಔಷಧ ಎಂಬುದು ಅವರ ತಕರಾರು. ಆದರೆ ಕಾಯಸಿದ್ಧಿಗಾಗಿ ಪಾದರಸ, ಮೂಲಿಕೆಗಳ ಬೆನ್ನು ಹತ್ತಿದವರು ನಮ್ಮ ಸಿದ್ಧರಲ್ಲೂ ಇದ್ದರು. ಅವರ ಗುಹೆಗಳೂ ಒಂದು ಬಗೆಯ ಪ್ರಯೋಗಶಾಲೆಗಳೇ. ಎರಡೂ ಕಥೆಗಳು ನಿಜವಾಗಿ ಬೇರೆ ಬೇರೆ ದಾರಿ ಹಿಡಿಯುವುದು ಸೋಲಿನ ಹತ್ತಿರ. ಸೋತ ಗೋರಕ್ಷ ಅಹಂಕಾರ ಇಳಿದು ಅಲ್ಲಮನಿಗೆ ಶರಣಾಗುತ್ತಾನೆ. ಚಿತ್ರದ ನಾಯಕ ವೇಲ್ ಮತ್ತು ರೆವೋಕ್‌ಗೆ ಆ ಬಾಗಿಲೇ ಇಲ್ಲ. ಇಬ್ಬರೂ ಒಂದೇ ತಂದೆಯ ಮಕ್ಕಳು, ಆ ಔಷಧ ಕಂಡುಹಿಡಿದವನೇ ಆ ತಂದೆ. ಎದುರುಬದುರು ನಿಂತು, ನರಗಳು ಉಬ್ಬಿ ಹರಿಯುವಷ್ಟು ಕಾದಾಡುತ್ತಾರೆ. ಕೊನೆಗೆ ವೇಲ್‌ನ ದೇಹ ಸುಟ್ಟು ಕರಕಲಾಗಿ ಬಿದ್ದಿರುತ್ತದೆ. ಮೂಲೆಯಲ್ಲಿ ಮುದುರಿ ಕೂತ ರೆವೋಕ್ ಈ ಕಡೆ ತಿರುಗಿದರೆ ಕಣ್ಣು ವೇಲ್‌ನದು, ದನಿಯೂ ವೇಲ್‌ನದು. ಗೆದ್ದೆವು ಎನ್ನುತ್ತದೆ ಆ ದನಿ, ಅಣ್ಣನ ಬಾಯಿಂದ.