ಸೌಂದರ್ಯಸ್ಪರ್ಧೆಯೂ ನಾಡಿನ ಉಡುಗೆಯೂ

ಚೆಲುವನ್ನು ಕಂಡು ಮೆಚ್ಚುವುದು ಮಾನವನಿಗೆ ಸಹಜವಾದ ಗುಣ. ಆ ಚೆಲುವಿಗೆ ಅಂಕಗಳನ್ನು ಕೊಟ್ಟು, ಅನೇಕರಲ್ಲಿ ಒಬ್ಬರನ್ನು ಆರಿಸಿ, ಅವರ ತಲೆಯ ಮೇಲೆ ಕಿರೀಟವನ್ನಿಡುವ ಅಂತರರಾಷ್ಟ್ರೀಯ ಸೌಂದರ್ಯಸ್ಪರ್ಧೆಗಳಾದರೋ ಇತ್ತೀಚಿನ ಕಾಲದ ಏರ್ಪಾಡು. ‘ವಿಶ್ವಸುಂದರಿ’, ‘ಭುವನಸುಂದರಿ’ ಎಂಬ ಬಿರುದುಗಳನ್ನು ಪಡೆದವರ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ನಾನಾ ದೇಶಗಳ ಯುವತಿಯರು ತಮ್ಮ ತಮ್ಮ ನಾಡಿನ ಉಡುಗೆತೊಡುಗೆಗಳಲ್ಲಿ ಸಾಲಾಗಿ ನಿಂತ ಚಿತ್ರಗಳೂ ಅವುಗಳಲ್ಲಿ ಇರುವುದುಂಟು. ಇಂತಹ ಸ್ಪರ್ಧೆಗಳು ದೇಶದೇಶಗಳ ಸಂಸ್ಕೃತಿಯನ್ನು ಜಗತ್ತಿಗೆ ಪರಿಚಯಿಸುತ್ತವೆಂದು ಅವನ್ನು ನಡೆಸುವವರು ಹೇಳುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ವಿಶ್ವಸುಂದರಿ ಸ್ಪರ್ಧೆಯು ಮೊತ್ತಮೊದಲು ನಡೆದುದು ೧೯೫೧ರಲ್ಲಿ, ಲಂಡನ್ ನಗರದಲ್ಲಿ. ಆ ವರ್ಷ ಬ್ರಿಟನ್ನಿನಲ್ಲಿ ಜರುಗಿದ ರಾಷ್ಟ್ರೀಯ ಉತ್ಸವದ ಸಂದರ್ಭದಲ್ಲಿ ಎರಿಕ್ ಮೋರ್ಲಿ ಎಂಬವರು ಇದನ್ನು ಏರ್ಪಡಿಸಿದರು. ಮೂಲದಲ್ಲಿ ಅದು ಈಜುಡುಗೆಯ ಪ್ರದರ್ಶನವಾಗಿದ್ದಿತೇ ಹೊರತು ಸಂಸ್ಕೃತಿಯ ಉತ್ಸವವಾಗಿರಲಿಲ್ಲ. ಮರುವರ್ಷ, ಎಂದರೆ ೧೯೫೨ರಲ್ಲಿ, ಅಮೆರಿಕದ ಲಾಂಗ್ ಬೀಚ್ ಪಟ್ಟಣದಲ್ಲಿ ಭುವನಸುಂದರಿ ಸ್ಪರ್ಧೆಯು ಆರಂಭವಾಯಿತು. ಆ ಮೊದಲ ಸ್ಪರ್ಧೆಗೆ ಭಾರತದಿಂದ ಹೋದವರು ನರ್ತಕಿ ಇಂದ್ರಾಣಿ ರೆಹಮಾನ್. ಭಾರತದ ಶಾಸ್ತ್ರೀಯ ನೃತ್ಯಗಳನ್ನು ಹೊರದೇಶಗಳಿಗೆ ಪರಿಚಯಿಸಿದವರಲ್ಲಿ ಅವರೂ ಒಬ್ಬರು. ಆ ಕೀರ್ತಿ ಅವರಿಗೆ ಬಂದುದು ದೀರ್ಘಕಾಲದ ಸಾಧನೆಯಿಂದ. ಕಾಲ ಕಳೆದಂತೆ ವಿಶ್ವಸುಂದರಿ ಸ್ಪರ್ಧೆಗೆ ಸಮಾಜಸೇವೆ, ಕಲೆ, ಕ್ರೀಡೆ, ಸಂಭಾಷಣೆ ಮೊದಲಾದ ಸುತ್ತುಗಳು ಸೇರಿದವು. ಈಜುಡುಗೆಯ ಸುತ್ತನ್ನು ಕೈಬಿಡುವುದಾಗಿ ೨೦೧೪ರಲ್ಲಿ ಆ ಸಂಸ್ಥೆಯು ಪ್ರಕಟಿಸಿತು. ಇದರಿಂದ ಒಂದು ಸಂಗತಿ ತಿಳಿಯುತ್ತದೆ: ಚೆಲುವಿನ ಅಳತೆಗೋಲು ಶಾಶ್ವತವಾದುದಲ್ಲ, ಜನರ ಅಭಿಪ್ರಾಯ ಬದಲಾದಂತೆ ಅದೂ ಬದಲಾಗುತ್ತದೆ.

ನಮ್ಮ ಮುಂಬಯಿಗೂ ಈ ಸ್ಪರ್ಧೆಗೂ ಹಳೆಯ ನಂಟು. ೧೯೬೬ರಲ್ಲಿ ವಿಶ್ವಸುಂದರಿಯಾಗಿ ಆಯ್ಕೆಯಾದ ರೀಟಾ ಫಾರಿಯಾ ಅವರು ಈ ನಗರದ ಗೋವಾ ಮೂಲದ ಮನೆತನದವರು. ಆಗ ಇಲ್ಲಿ ವೈದ್ಯಕೀಯ ವಿದ್ಯಾರ್ಥಿನಿ. ಏಷ್ಯಾ ಖಂಡದಿಂದ ಆ ಕಿರೀಟವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಲಂಡನ್ನಿನ ಆ ಸ್ಪರ್ಧೆಯಲ್ಲಿ ಅವರು ಸೀರೆಯನ್ನುಟ್ಟಿದ್ದರು. ಅದೂ ಸ್ನೇಹಿತೆಯಿಂದ ಎರವಲು ತಂದ ಸೀರೆ. ವರ್ಷ ಮುಗಿದ ಬಳಿಕ ಅವರು ಪ್ರದರ್ಶನದ ಲೋಕವನ್ನು ತೊರೆದು, ವೈದ್ಯಶಿಕ್ಷಣವನ್ನು ಪೂರೈಸಿ, ಐರ್ಲೆಂಡಿನಲ್ಲಿ ವೈದ್ಯೆಯಾದರು. ಕಿರೀಟವು ಒಂದು ವರ್ಷದ್ದು. ವಿದ್ಯೆಯಾದರೋ ಬಾಳಿನುದ್ದಕ್ಕೂ ಜೊತೆಗಿರುವಂತಹುದು.

ಕನ್ನಡನಾಡಿನ ಸಂಬಂಧವೂ ಉಂಟು. ೧೯೯೪ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಅವರು ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದವರು. ೨೦೨೨ರಲ್ಲಿ ಭಾರತಸುಂದರಿಯಾಗಿ ಆಯ್ಕೆಯಾದ ಸಿನಿ ಶೆಟ್ಟಿಯವರು ಮುಂಬಯಿಯಲ್ಲಿಯೇ ಹುಟ್ಟಿದವರು. ಮೂಲವು ಉಡುಪಿ ಜಿಲ್ಲೆ. ಆ ಸ್ಪರ್ಧೆಯಲ್ಲಿ ಅವರು ನಿಂತುದು ಕರ್ನಾಟಕದ ಪ್ರತಿನಿಧಿಯಾಗಿ. ಮುಂದೆ ೨೦೨೪ರ ಮಾರ್ಚ್ ೯ರಂದು ವಿಶ್ವಸ್ಪರ್ಧೆಯ ಅಂತಿಮ ಸುತ್ತು ನಡೆದುದು ನಮ್ಮ ಭಾಂಡುಪ್‌ನಿಂದ ಬಹುದೂರವಲ್ಲದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಮುಂಬಯಿಯಲ್ಲಿ ಹುಟ್ಟಿದವರು ಕರ್ನಾಟಕವನ್ನು ಪ್ರತಿನಿಧಿಸಬಹುದೇ ಎಂದು ಯಾರಾದರೂ ಕೇಳಿದರೆ, ಪರನಾಡಿನಲ್ಲಿದ್ದು ಕನ್ನಡ ಶಾಲೆಯಲ್ಲಿ ಓದುತ್ತಿರುವ ನಿಮಗೆ ಆ ಪ್ರಶ್ನೆಯು ಹೊಸದಲ್ಲ. ಊರಿಗೆ ಹೋದಾಗ ನೀವು ಮುಂಬಯಿಯವರು. ಮುಂಬಯಿಯಲ್ಲಿ ನೀವು ಕನ್ನಡದವರು. ಹಾಗಾದರೆ ಒಂದು ನಾಡಿನ ಪ್ರತಿನಿಧಿಯಾಗಲು ಬೇಕಾದುದೇನು?

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ಬೆಂಗಳೂರಿನಲ್ಲಿ ನಡೆದ ಒಂದು ವಿವಾದವನ್ನು ತಿಳಿಯಬೇಕು. ೧೯೯೬ರ ನವೆಂಬರ್ ೨೩ರಂದು ಅಲ್ಲಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯು ಜರುಗಿತು. ೮೮ ದೇಶಗಳ ಯುವತಿಯರು ಬಂದಿದ್ದರು. ಗ್ರೀಸ್ ದೇಶದ ಐರಿನ್ ಸ್ಕ್ಲಿವಾ ಅವರು ಗೆದ್ದರು. ನಾಡಿನ ಹೆಸರು ಜಗತ್ತಿಗೆ ತಿಳಿಯುವುದೆಂದು ಒಂದು ಪಕ್ಷದವರು ಸಂತೋಷಪಟ್ಟರು. ಇದು ನಮ್ಮ ಸಂಸ್ಕೃತಿಗೆ ಧಕ್ಕೆಯೆಂದು ಕೆಲವರು ಪ್ರತಿಭಟಿಸಿದರು. ಸ್ತ್ರೀಯನ್ನು ಮಾರಾಟದ ವಸ್ತುವಾಗಿ ನಿಲ್ಲಿಸಲಾಗುತ್ತಿದೆಯೆಂದು ಮಹಿಳಾ ಸಂಘಟನೆಗಳವರು ಆಕ್ಷೇಪಿಸಿದರು. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತಸಂಘವೂ ವಿರೋಧಿಸಿತು. ಈಜುಡುಗೆಯ ಸುತ್ತನ್ನು ದೂರದ ಸೇಶೆಲ್ಸ್ ದ್ವೀಪಗಳಿಗೆ ಒಯ್ಯಬೇಕಾಯಿತು. ಎಲ್ಲರೂ ‘ಸಂಸ್ಕೃತಿ’ ಎಂಬ ಒಂದೇ ಶಬ್ದವನ್ನು ನುಡಿದರು. ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಅದಕ್ಕೆ ಒಂದೊಂದು ಅರ್ಥವಿದ್ದಿತು.

ಸಂಸ್ಕೃತಿಯನ್ನು ದೊಡ್ಡ ಶಬ್ದದಲ್ಲಿ ಹುಡುಕುವುದಕ್ಕಿಂತ ಒಂದು ಸೀರೆಯಲ್ಲಿ ಹುಡುಕುವುದು ಸುಲಭ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಈ ಎರಡರ ಎಳೆಗಳನ್ನು ಕುಣಿಕೆಗಳಿಂದ ಒಂದಕ್ಕೊಂದು ಜೋಡಿಸಿ ನೇಯುತ್ತಾನೆ. ಆದುದರಿಂದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ವಿನ್ಯಾಸಗಳು ಮೂಡುತ್ತವೆ. ಅದರ ಮೇಲೆ ಧಾರವಾಡದ ಕಡೆಯ ಹೆಂಗಸರು ಕಸೂತಿಯನ್ನು ಹಾಕುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬುವು ಕಸೂತಿಯ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆಗಳನ್ನು ಎಣಿಸಿ, ದಾರಕ್ಕೆ ಗಂಟು ಹಾಕದೆ, ಗೋಪುರ, ತೇರು, ತುಳಸಿಕಟ್ಟೆಗಳನ್ನು ಬಿಡಿಸುವುದು ಅದರ ಕ್ರಮ. ಒಂದು ಎಣಿಕೆ ತಪ್ಪಿದರೆ ತೇರು ವಾಲುತ್ತದೆ! ಇನ್ನು ಕೊಡಗಿನ ಸ್ತ್ರೀಯರು ಸೀರೆಯ ನಿರಿಗೆಗಳನ್ನು ಹಿಂದಕ್ಕೆ ಹಾಕಿ ಉಡುತ್ತಾರೆ. ಕಾವೇರಿಯು ನದಿಯಾಗಿ ಹರಿದ ರಭಸಕ್ಕೆ ನಿರಿಗೆಗಳು ಹಿಂದೆ ಸರಿದವೆಂದು ಅಲ್ಲಿಯ ಐತಿಹ್ಯ.

ವೇದಿಕೆಯ ಮೇಲೆ ಇಂತಹ ಸೀರೆಯು ಕೆಲವು ಕ್ಷಣ ಮಿನುಗಿ ಮರೆಯಾಗುತ್ತದೆ. ಮಗ್ಗದ ಮುಂದೆ ಕುಳಿತವನ ಬೆನ್ನಾಗಲಿ, ಎಳೆ ಎಣಿಸಿದವಳ ಕಣ್ಣಾಗಲಿ ನೋಡುವವರಿಗೆ ಕಾಣಿಸುವುದಿಲ್ಲ. ಅವರ ಕೂಲಿಯ ಮಾತನ್ನಂತೂ ಯಾರೂ ಎತ್ತುವುದಿಲ್ಲ. ೨೦೨೫ರ ಮೇ ತಿಂಗಳಲ್ಲಿ ತೆಲಂಗಾಣದಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯ ವೇಳೆ ಸ್ಪರ್ಧಿಗಳನ್ನು ಪೋಚಂಪಳ್ಳಿಯ ನೇಕಾರರ ಬಳಿಗೆ ಕರೆದೊಯ್ದರು. ಇದು ಒಳ್ಳೆಯ ಕೆಲಸವೆಂದೇ ಹೇಳಬೇಕು. ಆದರೆ ಅದೇ ದಿನಗಳಲ್ಲಿ ರಾಮಪ್ಪ ದೇವಾಲಯದ ಬಳಿ ಸ್ಥಳೀಯ ಹೆಂಗಸರು ಸ್ಪರ್ಧಿಗಳ ಕಾಲಿಗೆ ನೀರೆರೆದು ಒರೆಸಿದ ದೃಶ್ಯವು ಬಹಳ ಟೀಕೆಗೆ ಗುರಿಯಾಯಿತು. ಅತಿಥಿಸತ್ಕಾರವು ನಮ್ಮ ಪದ್ಧತಿಯೆಂದು ಕೆಲವರು ಸಮರ್ಥಿಸಿದರು. ಆದರೂ, ಅತಿಥಿಯ ಗೌರವವು ಆತಿಥೇಯಳ ಗೌರವವನ್ನು ತಗ್ಗಿಸಿ ಬರಬೇಕೇ ಎಂಬ ಪ್ರಶ್ನೆಯು ಉಳಿಯುತ್ತದೆ.

ವಿದ್ಯಾರ್ಥಿನಿಯರಿಗೆ ನಾವು ವಿಶೇಷವಾಗಿ ಹೇಳತಕ್ಕ ಮಾತೊಂದಿದೆ. ಸ್ಪರ್ಧೆಗೆ ಹೋಗಬಯಸುವವರು ಹೋಗಲಿ. ಅದು ಅವರ ಸ್ವಾತಂತ್ರ್ಯ. ಆದರೆ ಯಾವುದೋ ವೇದಿಕೆಯ ಅಳತೆಗೋಲನ್ನು ಮನೆಗೆ ತಂದು, ಕನ್ನಡಿಯ ಮುಂದೆ ನಿಂತು, ನಿಮ್ಮ ಮೈಬಣ್ಣವನ್ನೂ ಎತ್ತರವನ್ನೂ ಹಳಿದುಕೊಳ್ಳಬೇಡಿರಿ. ಬಿಸಿಲಲ್ಲಿ ದುಡಿದ ತಾಯಂದಿರ ಬಣ್ಣವು ನಮಗೆ ಬಂದಿದ್ದರೆ ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ವಿದ್ಯಾರ್ಥಿಗಳೂ ತಮ್ಮ ಸಹಪಾಠಿನಿಯರಿಗೆ ಅಂಕವಿಡುವ ಕೆಲಸವನ್ನು ವಹಿಸಿಕೊಳ್ಳದಿರಲಿ.

ಹಾಗಾದರೆ ನಾಡಿನ ಪ್ರತಿನಿಧಿ ಯಾರು? ನಾಡನ್ನು ಅರಿತು, ಅದರ ವಿಷಯದಲ್ಲಿ ನಾಲ್ಕು ನಿಜವಾದ ಮಾತುಗಳನ್ನು ಹೇಳಬಲ್ಲವರೆಲ್ಲರೂ ಪ್ರತಿನಿಧಿಗಳೇ. ಹುಟ್ಟಿದ ಸ್ಥಳ ಇದಕ್ಕೆ ಅಡ್ಡಿಯಲ್ಲ. ಮಹಾರಾಷ್ಟ್ರದ ಹೆಂಗಸರು ಉಡುವ ‘ಇರಕಲ್’ ಸೀರೆಯು ನಮ್ಮ ಇಳಕಲ್ಲಿನದೇ. ನೆರೆಮನೆಯ ಮರಾಠಿ ಅಜ್ಜಿಯು ಅದನ್ನು ಉಟ್ಟುಕೊಂಡಾಗ, ಅದು ಯಾವ ಊರಿನದು, ಹೇಗೆ ನೇಯ್ದದ್ದು ಎಂಬುದನ್ನು ಅವರ ಭಾಷೆಯಲ್ಲಿಯೇ ವಿವರಿಸಿ ನೋಡಿರಿ. ಹಾಗೆ ವಿವರಿಸಬೇಕಾದರೆ ಮೊದಲು ನಿಮ್ಮ ತಾಯಿಯ ಅಥವಾ ಅಜ್ಜಿಯ ಪೆಟ್ಟಿಗೆಯಲ್ಲಿರುವ ಸೀರೆಗಳ ಹೆಸರುಗಳನ್ನು ಕೇಳಿ ತಿಳಿದುಕೊಳ್ಳಬೇಕು. ಬರುವ ರಜೆಯಲ್ಲಿ ಆ ಕೆಲಸವನ್ನು ಮಾಡಿ, ಬರೆದು ತನ್ನಿರಿ.