ಜಯನಗರಕ್ಕಿಂತ ಹಳೇ ಫುಟ್‌ಬಾಲ್

ಬೆಂಗಳೂರಿನ ಫುಟ್‌ಬಾಲ್ ಕಥೆ 2013ರಲ್ಲಿ, ಬೆಂಗಳೂರು ಎಫ್‌ಸಿ ಜೊತೆ ಶುರುವಾಯಿತು ಅಂದುಕೊಂಡಿದ್ದೀರಾ? ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದೇ ವರ್ಷ ‘ಬೆಂಗಳೂರು ಮುಸ್ಲಿಮ್ಸ್’ ಕ್ಲಬ್ ಬೊಂಬಾಯಿಯ ರೋವರ್ಸ್ ಕಪ್ಪನ್ನು ಮೂರನೇ ಸಲ ಗೆದ್ದಿತು. ಮೊದಲ ಗೆಲುವು 1937ರದು. 1891ರಿಂದ ಬ್ರಿಟಿಷ್ ಪಲ್ಟನ್‌ಗಳ ಕೈಲಿದ್ದ ಕಪ್ಪು. ಫೈನಲ್‌ನಲ್ಲಿ ಎದುರಿಗೆ, 1934ರಿಂದ ಕಲ್ಕತ್ತಾ ಲೀಗನ್ನು ಯಾರಿಗೂ ಬಿಟ್ಟುಕೊಡದ ಮೊಹಮ್ಮದನ್ ಸ್ಪೋರ್ಟಿಂಗ್. ನಮ್ಮವರು ಗೆದ್ದದ್ದು 1-0ಯಿಂದ.

ಅದೃಷ್ಟ ಅನ್ನೋಣವೇ? 1938ರಲ್ಲೂ ಕಪ್ಪು ಇಲ್ಲಿಗೇ ಬಂತಲ್ಲ! ‘ಅದು ದಂಡಿನವರ ಆಟ, ನಮ್ಮದಲ್ಲ’ ಅನ್ನುವವರೂ ಇದ್ದಾರೆ. ದಂಡಿನ ಸಿಪಾಯಿಗಳಿಂದ ಬಂದ ಆಟ, ನಿಜ. ಆದರೆ ಸಿಪಾಯಿಗಳ ಕಪ್ಪನ್ನೇ ಊರಿನ ಕ್ಲಬ್ಬು ಮೂರು ಸಲ ಹೊತ್ತು ತಂದ ಮೇಲೆ ಆಟ ಊರಿನದೇ ಆಯಿತು. ಬಿಟಿಎಂ ಲೇಔಟಿನ ಟರ್ಫಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡುವ ಹುಡುಗರು ಮುಂದುವರಿಸುತ್ತಿರುವುದು ಅದನ್ನೇ.