ಸೊಸೈಟಿಯ ಹಳೇ ಬೈಲಾ ಪುಸ್ತಕ ಒಮ್ಮೆ ತೆಗೆದು ನೋಡಿ



ಹಾಡಿನ ಫರ್ಮಾಯಿಶಿಗೆ ಫೋನ್ ಮಾಡಿದವರೊಬ್ಬರು ಮೊನ್ನೆ ಹಾಡು ಬಿಟ್ಟು ಬೇರೆಯದೇ ಪ್ರಶ್ನೆ ಕೇಳಿದರು. "ನಮ್ಮ ಸೊಸೈಟಿಯಲ್ಲಿ ಹೊಸ ಬೈಲಾ ಅಂಗೀಕಾರ ಅಂತ ನೋಟೀಸ್ ಬಂದಿದೆ. ಹೋಗಬೇಕಾ? ಭಾನುವಾರ ಊರಿನ ಸಂಘದ ಯಕ್ಷಗಾನ ಬೇರೆ ಇದೆ!" ಅವತ್ತು ಪ್ರಸಾರದಲ್ಲಿ ಇದ್ದದ್ದು ಅರ್ಧ ನಿಮಿಷ. ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೇಳುವುದೆಲ್ಲ ಮಹಾರಾಷ್ಟ್ರದ ಕಾನೂನು, ಅಂದರೆ ಮುಂಬೈ, ಠಾಣೆ, ಪುಣೆಯವರಿಗೆ. ಚೆನ್ನೈ, ಹೈದರಾಬಾದ್, ದೆಹಲಿಯ ಕೇಳುಗರೇ, ನಿಮ್ಮ ರಾಜ್ಯದ ಕಾಯ್ದೆ ಬೇರೆ, ಇಲ್ಲಿನ ಅಂಕಿಗಳನ್ನು ಅಲ್ಲಿಗೆ ಹಚ್ಚಬೇಡಿ.

ಮೊದಲು ನಮ್ಮ ಕಟ್ಟಡದ ಕಥೆ ಹೇಳಿಬಿಡುತ್ತೇನೆ. ಮೂರನೇ ಮಹಡಿಯಲ್ಲಿ ಕುಂದಾಪುರ ಕಡೆಯ ಅಜ್ಜಿಯೊಬ್ಬರಿದ್ದಾರೆ. 2021ರಲ್ಲಿ ಅಜ್ಜ ತೀರಿಕೊಂಡರು. ಮನೆ ಅಜ್ಜನ ಹೆಸರಿನಲ್ಲಿತ್ತು, ನಾಮಿನಿ ಅಜ್ಜಿ. ನಮ್ಮ ಕಮಿಟಿಯವರು ಕಪಾಟಿನಿಂದ ಬೈಲಾ ಪುಸ್ತಕ ತೆಗೆದರು. ಕಟ್ಟಡ ಕಟ್ಟಿದ ಕಾಲದ್ದು, ಬೈಂಡು ಕಿತ್ತುಹೋಗಿತ್ತು. ಅದನ್ನು ನೋಡಿಕೊಂಡು ಅಜ್ಜಿಯನ್ನು ಪೂರ್ಣ ಸದಸ್ಯೆ ಮಾಡಿ ಶೇರು ಸರ್ಟಿಫಿಕೇಟಿನ ಹಿಂದೆ ಹೆಸರು ಬರೆದುಕೊಟ್ಟರು. ಎಲ್ಲರಿಗೂ ಸಮಾಧಾನ. ಎರಡು ವರ್ಷದ ಮೇಲೆ ಅಜ್ಜಿ ಮನೆ ಮಾರಿ ಮಗಳಿದ್ದಲ್ಲಿಗೆ ಹೋಗೋಣವೆಂದು ಹೊರಟರೆ, ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದ ತಿರುಗಿಸಿ ನೋಡಿ "ಇವರು ನಾಮಿನಿ ಅಷ್ಟೇ, ಉಳಿದ ವಾರಸುದಾರರ ಸಹಿ ಎಲ್ಲಿ?" ಎಂದರು. ಗಂಡುಮಕ್ಕಳಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಮಸ್ಕತ್. ಕಾಗದ ಕೂಡಿ ಬರುವಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡಿದ್ದರು.

ಯಾರೂ ಮೋಸ ಮಾಡಿರಲಿಲ್ಲ. ಪುಸ್ತಕ ಹಳೆಯದಾಗಿತ್ತು, ಅಷ್ಟೇ.

ಬೈಲಾ ಎಂದರೆ ನಮ್ಮ ಕನ್ನಡದಲ್ಲಿ ಉಪನಿಯಮ, ಇಲ್ಲಿನ ಮರಾಠಿಯಲ್ಲಿ ಉಪವಿಧಿ. ಕನ್ನಡ ಬಿಎ ಓದಿದವಳಾದರೂ ಬೈಲಾ ಎಂದೇ ಬರೆಯುತ್ತೇನೆ, ಯಾಕೆಂದರೆ ವಾಚ್‌ಮನ್‌ಗೂ ಅದೇ ಅರ್ಥವಾಗುವುದು. ಸದಸ್ಯರು ಒಬ್ಬರಿಗೊಬ್ಬರು ಮಾಡಿಕೊಂಡ ಕರಾರು ಅದು. ಅದರ ಮೇಲೆ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ, 1960 ಕೂತಿದೆ. ಎರಡಕ್ಕೂ ಜಗಳ ಬಂದರೆ ಗೆಲ್ಲುವುದು ಕಾಯ್ದೆಯೇ. ಕಷ್ಟವೇನೆಂದರೆ, ಕಾಯ್ದೆ ಬದಲಾದಾಗ ನಿಮ್ಮ ಕಪಾಟಿನ ಪುಸ್ತಕ ತಾನಾಗಿ ಬದಲಾಗುವುದಿಲ್ಲ.

ಬದಲಾವಣೆಯಂತೂ ಸಾಕಷ್ಟು ಆಗಿದೆ. ಸಂವಿಧಾನದ 97ನೇ ತಿದ್ದುಪಡಿ 2012ರ ಫೆಬ್ರವರಿಯಲ್ಲಿ ಜಾರಿಗೆ ಬಂತು, ಅದಕ್ಕೆ ಹೊಂದಿಸಿ ಮಹಾರಾಷ್ಟ್ರ 2013ರಲ್ಲಿ ತನ್ನ ಕಾಯ್ದೆ ತಿದ್ದಿತು. ಆಮೇಲೆ ಸಹಕಾರ ಇಲಾಖೆ ಹೊಸ ಮಾದರಿ ಬೈಲಾ ತಂದಿತು. 2019ರಲ್ಲಿ ವಸತಿ ಸೊಸೈಟಿಗಳಿಗೆಂದೇ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯ ಸೇರಿತು. ಅಲ್ಲಿಯವರೆಗೆ ಸಕ್ಕರೆ ಕಾರ್ಖಾನೆಗೂ ನಮ್ಮ ಇಪ್ಪತ್ತು ಮನೆಯ ಕಟ್ಟಡಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಗೋಲು ಇತ್ತೆಂದರೆ ನಗು ಬರುತ್ತದೆ. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ 97ನೇ ತಿದ್ದುಪಡಿಯ ಸಹಕಾರ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲ ಎಂದಿತು. "ಹಾಗಾದರೆ ಹೊಸದೆಲ್ಲ ರದ್ದು" ಎಂದು ನಿಮ್ಮಲ್ಲಿ ಯಾರಾದರೂ ವಾದಿಸಿದರೆ ನಂಬಬೇಡಿ, ರಾಜ್ಯದ ಕಾಯ್ದೆ ತನ್ನ ಕಾಲ ಮೇಲೆ ತಾನು ನಿಂತಿದೆ.

ಅಜ್ಜಿಯ ವಿಷಯಕ್ಕೆ ತಾಗುವುದು 2019ರ ಅಧ್ಯಾಯ. ಅದರ ಪ್ರಕಾರ ಸದಸ್ಯರು ತೀರಿಕೊಂಡಾಗ ನಾಮಿನಿಯನ್ನು ತಾತ್ಕಾಲಿಕ ಸದಸ್ಯರನ್ನಾಗಿ ಮಾತ್ರ ಸೇರಿಸಿಕೊಳ್ಳಬಹುದು. ಉಯಿಲು, ಉತ್ತರಾಧಿಕಾರ ಪತ್ರ, ವಾರಸಾ ಪ್ರಮಾಣಪತ್ರ ಅಥವಾ ಹಕ್ಕುಳ್ಳವರೆಲ್ಲ ಸೇರಿ ಮಾಡಿಕೊಂಡ ಕುಟುಂಬ ಒಪ್ಪಂದ, ಇವುಗಳಲ್ಲಿ ಒಂದು ಬಂದ ಮೇಲೆ ವಾರಸುದಾರರು ಪೂರ್ಣ ಸದಸ್ಯರಾಗುತ್ತಾರೆ. ನಾಮಿನಿ ಎಂದರೆ ಬಾಗಿಲ ಕೀಲಿ ಇಟ್ಟುಕೊಂಡವರು, ಮನೆ ಹಂಚುವ ಅಧಿಕಾರ ಅವರಿಗಿಲ್ಲ. ಹೆಂಡತಿಯ ಹೆಸರು ನಾಮಿನಿ ಫಾರ್ಮಿನಲ್ಲಿದೆ, ಇನ್ನೇನು ಚಿಂತೆ ಎಂದು ಊರಿಗೆ ಹೋಗಿ ಕೂತಿರುವ ನಮ್ಮ ಹಿರಿಯರು ಎಷ್ಟು ಮಂದಿ! ಒಂದು ಉಯಿಲು ಬರೆದಿಡಿ, ದಯವಿಟ್ಟು.

ಅದೇ ಅಧ್ಯಾಯ ಜಂಟಿ ಸದಸ್ಯರಿಗೂ ಸಹಸದಸ್ಯರಿಗೂ ನಡುವೆ ಗೆರೆ ಎಳೆದಿದೆ. ಶೇರು ಸರ್ಟಿಫಿಕೇಟಿನಲ್ಲಿ ಎರಡನೇ ಹೆಸರಾಗಿ ಇರುವವರು ಜಂಟಿ ಸದಸ್ಯರು. ಸಹಸದಸ್ಯರ ಹೆಸರು ಅದರಲ್ಲಿ ಇರುವುದೇ ಇಲ್ಲ, ಗಂಡ, ಹೆಂಡತಿ, ಮಗ, ಮಗಳು ಮುಂತಾದ ಹತ್ತಿರದವರು ಸದಸ್ಯರ ಲಿಖಿತ ಒಪ್ಪಿಗೆಯಿಂದ ಅವರ ಪರವಾಗಿ ನಡೆದುಕೊಳ್ಳುತ್ತಾರೆ. ಹಳೇ ಪುಸ್ತಕದಲ್ಲಿ ಇವರಿಬ್ಬರೂ ಕಲಸಿಹೋಗಿದ್ದಾರೆ. ನೀವು ಆರು ತಿಂಗಳು ಉಡುಪಿ, ಆರು ತಿಂಗಳು ಡೊಂಬಿವಲಿ ಎಂದು ಓಡಾಡುವವರಾದರೆ ಇದು ಗೊತ್ತಿರಲಿ. ಸಭೆಗೆ ಪ್ರಾಕ್ಸಿ ಚೀಟಿ ಕೊಟ್ಟು ಯಾರನ್ನೋ ಕಳಿಸಿದರೆ ಆ ವೋಟು ನಡೆಯುವುದಿಲ್ಲ.

ಇನ್ನು ದುಡ್ಡಿನ ಮಾತು. ವಸತಿ ಸೊಸೈಟಿ ಲಾಭಕ್ಕೆ ನಡೆಯುವ ಅಂಗಡಿಯಲ್ಲ, ಖರ್ಚು ಹಂಚಿಕೊಳ್ಳುವ ಏರ್ಪಾಡು. ಅದಕ್ಕೇ ಕೆಲವು ವಸೂಲಿಗಳಿಗೆ ಸರಕಾರ 2001ರ ಆಗಸ್ಟಿನಲ್ಲಿ ಮಿತಿ ಹಾಕಿತು. ಮನೆ ಬಾಡಿಗೆಗೆ ಕೊಟ್ಟವರಿಂದ ಸರ್ವೀಸ್ ಚಾರ್ಜಿನ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮನೆ ಮಾರಿದಾಗ ವರ್ಗಾವಣೆ ಪ್ರೀಮಿಯಂ ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ 25,000 ರೂಪಾಯಿ ಮೀರುವಂತಿಲ್ಲ. ಮಾದರಿ ಬೈಲಾದ ಪ್ರಕಾರ ಸಿಂಕಿಂಗ್ ಫಂಡಿಗೆ ವರ್ಷಕ್ಕೆ ನಿರ್ಮಾಣ ವೆಚ್ಚದ ಕನಿಷ್ಠ ಶೇಕಡಾ 0.25, ರಿಪೇರಿ ಫಂಡಿಗೆ ಶೇಕಡಾ 0.75. ಲಿಫ್ಟಿನ ಖರ್ಚು ಎಲ್ಲರಿಗೂ ಸಮ, ನೆಲಮಹಡಿಯವರಿಗೂ! (ಈ ಒಂದು ಸಾಲಿಗೆ ನಮ್ಮಲ್ಲಿ ನಡೆದಷ್ಟು ಜಗಳ ಪಾಂಡವ ಕೌರವರಿಗೂ ನಡೆದಿರಲಿಕ್ಕಿಲ್ಲ.)

ಹಾಗಾದರೆ ಬದಲಿಸುವುದು ಹೇಗೆ? ಕಮಿಟಿ ಒಂದೇ ಕೂತು ಬದಲಿಸಲಾಗದು. ತಿದ್ದುಪಡಿಯ ಪ್ರಸ್ತಾಪದ ನೋಟೀಸು 14 ದಿನ ಮೊದಲೇ ಎಲ್ಲ ಸದಸ್ಯರಿಗೆ ತಲುಪಬೇಕು. ಸಾಮಾನ್ಯ ಸಭೆಯಲ್ಲಿ ಹಾಜರಿದ್ದು ವೋಟು ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಒಪ್ಪಿದ ಪಠ್ಯ ರಿಜಿಸ್ಟ್ರಾರರ ಕಚೇರಿಗೆ ಹೋಗುತ್ತದೆ, ಅವರು ಎರಡು ತಿಂಗಳಲ್ಲಿ ತೀರ್ಮಾನಿಸಬೇಕು. ನೋಂದಣಿ ಆಗುವ ತನಕ ತಿದ್ದುಪಡಿಗೆ ಬೆಲೆಯಿಲ್ಲ. ಸಭೆಯಲ್ಲಿ ಚಪ್ಪಾಳೆ ತಟ್ಟಿ, ವಡೆ ತಿಂದು, ಫೈಲು ಹಾಗೇ ಮರೆತ ಸೊಸೈಟಿಗಳನ್ನು ನಾನು ಬಲ್ಲೆ. ನೋಂದಣಿಯ ಸರ್ಟಿಫಿಕೇಟು ಕೇಳಿ ನೋಡಿ.

ಮತ್ತೊಂದು ಗುಟ್ಟು. ಮಾದರಿ ಬೈಲಾ ಎಂದರೆ ಕಣ್ಣು ಮುಚ್ಚಿ ಒಪ್ಪುವ ಅಚ್ಚು ಪ್ರತಿಯಲ್ಲ. ಅದರಲ್ಲಿ ಸೊಸೈಟಿಯೇ ತುಂಬಬೇಕಾದ ಖಾಲಿ ಜಾಗಗಳಿವೆ, ಸಾಮಾನ್ಯ ಸಭೆಯ ತೀರ್ಮಾನಕ್ಕೆ ಬಿಟ್ಟ ವಿಷಯಗಳಿವೆ. ಪಾರ್ಕಿಂಗಿಗೆ ಎಷ್ಟು ಎಂಬಂಥವು. ನಿಮ್ಮ ದಿನನಿತ್ಯದ ಜೀವನ ಇರುವುದು ಆ ಖಾಲಿ ಗೆರೆಗಳಲ್ಲೇ. ಭಾನುವಾರ ಹೋಗಬೇಕಾ ಎಂದು ಕೇಳಿದಿರಲ್ಲ, ಹೋಗಲೇಬೇಕು. ಯಕ್ಷಗಾನ ರಾತ್ರಿಯಿಡೀ ಇರುತ್ತದೆ, ಸಭೆ ಮುಗಿಸಿಯೇ ಹೋಗಬಹುದು. ಪಠ್ಯ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ತೊಡಕಾದರೆ ಮನೆಯ ಕಾಲೇಜು ಹುಡುಗಿಗೆ ಓದಲು ಹೇಳಿ.

ಅಂದ ಹಾಗೆ, ಈ ಸಹಕಾರದ ವ್ಯವಹಾರ ನಮಗೆ ಹೊರಗಿನದೇನಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಆ ಊರು ಇದೇ ಮುಂಬೈ ಪ್ರಾಂತದಲ್ಲಿತ್ತು. ಮುಂಬೈಯ ಗಾಮದೇವಿಯಲ್ಲಿ 1915ರಲ್ಲಿ ಶುರುವಾದ ಸಾರಸ್ವತ ವಸತಿ ಸಂಘದ ಹಿಂದೆ ದುಡಿದ ತಲ್ಮಕಿಯವರು ನಮ್ಮ ಕೆನರಾ ಮೂಲದ ಚಿತ್ರಾಪುರ ಸಾರಸ್ವತರು.

ಅಜ್ಜಿಯ ಕೆಲಸ ಈಗ ಮುಗಿದಿದೆ. ಮಸ್ಕತ್ತಿನ ಮಗ ರಜೆಗೆ ಬಂದಾಗ ಮಕ್ಕಳೆಲ್ಲ ಸೇರಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿದರು. ಆದರೆ ಮೊದಲಿನ ಗಿರಾಕಿ ಕೊಡಲೊಪ್ಪಿದ್ದ ಬೆಲೆ ಮತ್ತೆ ಬಂದಿಲ್ಲ. ನಮ್ಮ ಸೊಸೈಟಿಯ ಬೈಲಾ ಸಭೆ ಬರುವ ತಿಂಗಳು. ಅಜ್ಜಿ ಆಗಲೇ ಪ್ರತಿ ತರಿಸಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಕೂತಿದ್ದಾರೆ. ನಿನ್ನೆ ನನ್ನನ್ನು ಕರೆದು, ಹದಿನೇಳನೇ ಪುಟದ ಒಂದು ಮರಾಠಿ ಶಬ್ದಕ್ಕೆ ಅರ್ಥ ಕೇಳಿದರು. ನನಗೂ ಗೊತ್ತಿರಲಿಲ್ಲ, ಸೆಕ್ರೆಟರಿಯನ್ನೇ ಕೇಳಲು ಇಬ್ಬರೂ ಕೆಳಗಿಳಿದೆವು.